ವಿಭೂತಿ ಮುಟ್ಟದ ಪಾದ

ಡಾಕ್ಟರು ಸಂಜೆ ನಾಲ್ಕರೊಳಗೆ ಸಹಿ ಬೇಕೆಂದರು. ಆಗ ಆಸ್ಪತ್ರೆಯ ಗೋಡೆ ಗಡಿಯಾರದಲ್ಲಿ ಹತ್ತೂವರೆ. ಅಪ್ಪನ ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು, ಪಾದದ ಮೇಲೆಲ್ಲ ನೀಲಿ ಹಬ್ಬಿತ್ತು, ಹಿಮ್ಮಡಿಯ ಹತ್ತಿರ ಚರ್ಮ ಬಿಗಿದುಕೊಂಡು ಹೊಳೆಯುತ್ತಿತ್ತು. ಇವತ್ತು ಮೊಣಕಾಲಿನ ಕೆಳಗೆ ತೆಗೆದರೆ ಮನುಷ್ಯ ಉಳಿಯುತ್ತಾನೆ, ನಾಳೆಗೆ ಬಿಟ್ಟರೆ ತೊಡೆಯವರೆಗೆ ಹೋಗಬೇಕಾದೀತು, ನಾಡಿದ್ದಿನ ಮಾತು ನಾನು ಆಡುವುದಿಲ್ಲ ಎಂದು ಅವರು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದರು. ಆದವಾನಿ ಆಂಧ್ರಕ್ಕೆ ಸೇರಿದ ಊರು, ಒಪ್ಪಿಗೆ ಪತ್ರ ತೆಲುಗಿನಲ್ಲಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದ. ಆಮೇಲೆ ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟ.

“ಒಲ್ಲೆ,” ಎಂದ. “ಮನಿಗಿ ಕರಕೊಂಡು ನಡೀರಿ.”

ಅಣ್ಣ ಮಂಚದ ಕಾಲ ಕಡೆ ತಲೆ ತಗ್ಗಿಸಿ ನಿಂತಿದ್ದ. ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಇಡೀ ದಿನ ಕೂಗಾಡಿ ಕೆಲಸ ತೆಗೆಯುವ ಗಂಡಸು, ಅಪ್ಪನ ಮುಂದೆ ಮಾತ್ರ ಇವತ್ತಿಗೂ ಅವನ ಗಂಟಲು ಬಿಚ್ಚುವುದಿಲ್ಲ. ನಾನು ಹಾಗಲ್ಲ. ನನ್ನನ್ನು ಆಲೂರಿಗೆ ಕೊಟ್ಟಿದ್ದಾರೆ. ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಸಿಟ್ಟಿನ ಬಗ್ಗೆ ಮಕ್ಕಳಿಗಿಂತ ಹೆಚ್ಚು ಗೊತ್ತಿರುವುದು ಹೆಡ್‌ಮಾಸ್ತರರಿಗೆ. ಬೆಳಿಗ್ಗೆ ಅಣ್ಣನ ಫೋನು ಬಂದದ್ದೇ ಸಿಕ್ಕ ಬಸ್ಸು ಹತ್ತಿ ಆದವಾನಿಗೆ ಬಂದು, ಬಸ್‌ಸ್ಟ್ಯಾಂಡಿನಿಂದ ಆಟೋದವನನ್ನು ಬೈದು ಓಡಿಸಿಕೊಂಡು ಆಸ್ಪತ್ರೆ ಮುಟ್ಟಿದ್ದೆ.

“ಯಾಕ ಒಲ್ಲೆ?” ಎಂದೆ.

“ಮುಕ್ಕಾದ ಲಿಂಗ ಪೂಜಿಗಿ ಬರಂಗಿಲ್ಲ. ಮುಕ್ಕಾದ ಮೈ ಹ್ಯಾಂಗ ಬಂದೀತು? ಇಷ್ಟು ವರ್ಷ ಈ ಮೈಯಾಗ ಆತನ್ನ ಕುಂದ್ರಿಸೀನಿ. ಗುಡಿ ಕಂಬ ಕಡಿದು ದೇವರನ್ನ ಉಳಿಸ್ತೀನಿ ಅಂತಾರೇನು ಯಾರರ?”

ಅಪ್ಪನ ಈ ಮಾತು ತಿಳಿಯಬೇಕಾದರೆ ಅವನ ಪೂಜೆಯನ್ನು ಹೇಳಬೇಕು.

ಅಪ್ಪ ಅರಳೆ ನೋಡುವವನು. ಆದವಾನಿಯ ಮಾರ್ಕೆಟ್ ಯಾರ್ಡಿನಲ್ಲಿ ರಾಶಿ ಬಿದ್ದ ಹತ್ತಿಯಿಂದ ಒಂದು ಹಿಡಿ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ, ಎಳೆ ಎಷ್ಟುದ್ದ, ಎಷ್ಟು ಗಟ್ಟಿ, ತೇವ ಎಷ್ಟು ಎಂದು ಹೇಳಿಬಿಡುತ್ತಿದ್ದ. ಮಿಷನ್ನು ಬಂದಮೇಲೂ ದೊಡ್ಡ ವ್ಯಾಪಾರಿಗಳು ಮೊದಲು ಅಪ್ಪನ ಬೆರಳನ್ನು ಕೇಳಿಯೇ ಮಿಷನ್ನಿಗೆ ಹಾಕುತ್ತಿದ್ದರು. ಕಣ್ಣು ಮುಚ್ಚಿ ಹತ್ತಿ ಹಿಡಿದರೂ ಅದು ಎಮ್ಮಿಗನೂರು ಕಡೆಯದೋ ಆಲೂರು ಕಡೆಯದೋ ಹೇಳುತ್ತಿದ್ದ. ಮೈಯೆಂದರೆ ತಿಳಿಯಲಿಕ್ಕೆ ಇರುವ ಸಾಧನ ಎಂಬುದು ಅವನ ನಂಬಿಕೆ. ಪೂಜೆಯಲ್ಲೂ ಅದೇ ನಂಬಿಕೆ.

ಮುಂಜಾನೆ ಸ್ನಾನವಾದ ಮೇಲೆ ಮಣೆಯ ಮೇಲೆ ಕೂತು, ವಿಭೂತಿಯನ್ನು ನೀರಿನಲ್ಲಿ ಕಲೆಸಿ, ಮೂರು ಬೆರಳಿನಿಂದ ಒಂದೊಂದೇ ಜಾಗಕ್ಕೆ ಹಚ್ಚುತ್ತಿದ್ದ. ನೆತ್ತಿ, ಹಣೆ, ಕಿವಿ, ಕೊರಳು, ಹೆಗಲು, ಮೊಣಕೈ, ಮಣಿಕಟ್ಟು, ಎದೆ, ಹೊಕ್ಕುಳ. ಪ್ರತಿ ಜಾಗದಲ್ಲೂ ಬೆರಳನ್ನು ಅಷ್ಟು ಹೊತ್ತು ಇಟ್ಟು, ಆ ಜಾಗ ಬೆರಳಿಗೆ ಉತ್ತರ ಕೊಟ್ಟಿತೇ ಎಂದು ಕಾದು ಮುಂದೆ ಹೋಗುತ್ತಿದ್ದ. ಆಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆ ಒಳಗಿನ ಸುತ್ತು ಶುರು. ಮೂಗಿನಲ್ಲಿ ಆಚಾರಲಿಂಗ, ನಾಲಿಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ನಮ್ಮ ಹಿರಿಯರು ಮೈಯನ್ನು ಹೀಗೆ ಹಂಚಿಕೊಟ್ಟಿದ್ದಾರೆ. ಒಂದೊಂದು ಅಂಗದಲ್ಲೂ ಮನಸ್ಸನ್ನು ನಿಲ್ಲಿಸಿ ಮುಂದಕ್ಕೆ ಹೋಗಬೇಕು.

ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಇದನ್ನು ಅಪ್ಪ ತನ್ನ ಭಾಷೆಯಲ್ಲಿ ಕಲಿಸಿದ. “ಮೂಗಿಗಿ ವಾಸನಿ ತಿಳೀತಂದ್ರ ಅಲ್ಲಿ ಒಬ್ಬ ಅದಾನ ಅಂತ ತಿಳಕೋ. ಕಿವಿಗಿ ಕೇಳಿಸ್ತಂದ್ರ ಅಲ್ಲೂ ಅದಾನ. ತಿಳಿಯೋ ಕಡಿಯೆಲ್ಲ ಶಿವ ಅದಾನ. ಇಷ್ಟ ನೋಡವ್ವ, ದೊಡ್ಡ ಮಾತೇನಿಲ್ಲ ಇದ್ರಾಗ.”

“ಕಾಲಿಗಿ ಯಾಕ ಹಚ್ಚಂಗಿಲ್ಲ? ಕಾಲಿನ್ಯಾಗ ಯಾರೂ ಇಲ್ಲೇನು?”

ಅಪ್ಪ ಆ ದಿನ ಅವಸರದಲ್ಲಿದ್ದ. “ಹೊಕ್ಕಳದ ಕೆಳಗ ವಿಭೂತಿ ಹೋಗಬಾರದು, ತುಳಿದಂಗ ಆಕೈತಿ. ಕಾಲಂದ್ರ ಹಮಾಲಿ ಇದ್ದಂಗ. ಹೊತ್ತುಕೊಂಡು ಹೋಗತೈತಿ, ಅಷ್ಟ,” ಎಂದು ಎದ್ದುಬಿಟ್ಟ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಹೊಕ್ಕುಳದ ಕೆಳಗೆ ವಿಭೂತಿ ಹಚ್ಚಿದ್ದನ್ನು ನಾನು ಕಂಡಿಲ್ಲ. ನನ್ನ ಮಕ್ಕಳಿಗೂ ನಾನೇ ಹಾಗೆ ಹೇಳಿಕೊಟ್ಟೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ದಿನಾ ಕಾಲು ನೋಡಿಕೊಳ್ಳಿ, ಬೆರಳ ಸಂದಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ ನಾನೂ ಜೊತೆಗಿದ್ದೆ. “ದಿನಾ ಮುಂಜಾನಿ ಮೈಯೆಲ್ಲ ನೋಡ್ಕೊಂತೀನ್ರಿ, ನಿಮಗಿಂತ ಚೊಲೋ ನೋಡ್ಕೊಂತೀನಿ,” ಎಂದು ಅಪ್ಪ ನಕ್ಕಿದ್ದ. ಅದು ಸುಳ್ಳಲ್ಲ. ಭುಜದ ಮೇಲೆ ಸಣ್ಣ ಗುಳ್ಳೆ ಎದ್ದರೂ ಅದೇ ದಿನ ಅವನಿಗೆ ಗೊತ್ತಾಗುತ್ತಿತ್ತು. ಕಾಲು ಮಾತ್ರ ಆ ಲೆಕ್ಕದಲ್ಲೇ ಇರಲಿಲ್ಲ.

ತಮಾಷೆಯೆಂದರೆ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ ಆ ಕಾಲಿಗೇ. ಹಬ್ಬ ಬಂತೆಂದರೆ ಸೊಸೆ, ಮಗಳು, ಮೊಮ್ಮಕ್ಕಳು ಎಲ್ಲರೂ ಸಾಲಾಗಿ ಬಂದು ಆ ಪಾದಕ್ಕೆ ಬೀಳುತ್ತೇವೆ. ಮನೆತನದ ಗುರುಗಳಾದ ಅಯ್ಯನೋರು ಮನೆಗೆ ಬಂದಾಗ ಅಪ್ಪ ತಾನೇ ಬಗ್ಗಿ ಅವರ ಪಾದ ತೊಳೆಯುತ್ತಾನೆ, ಬೆರಳ ಸಂದಿಗೆಲ್ಲ ನೀರು ಬಿಟ್ಟು, ಬಟ್ಟೆಯಿಂದ ಒರೆಸಿ, ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಾನೆ. ತನ್ನ ಪಾದಕ್ಕಾದರೆ ಬರಿ ಒಂದು ಚೊಂಬು ನೀರು ಸುರಿದು ಒಳಗೆ ಬರುತ್ತಾನೆ. ನಾವು ಬಿದ್ದವರೂ ಕಣ್ಣು ಮುಚ್ಚಿಯೇ ಬೀಳುತ್ತಿದ್ದೆವು. ಇಷ್ಟು ಜನ ಮುಟ್ಟುವ ಕಾಲನ್ನು ಒಬ್ಬರೂ ನೋಡಿರಲಿಲ್ಲ.

ಒಬ್ಬರೂ ಎಂದೆನಲ್ಲ, ಅದರಲ್ಲಿ ನನ್ನದೊಂದು ಮೋಸವಿದೆ. ಅದನ್ನು ಹೇಳಿಯೇ ಮುಂದೆ ಹೋಗಬೇಕು.

ಈ ಉಗಾದಿಗೆ ತವರಿಗೆ ಬಂದಿದ್ದೆ. ಹೊಸ್ತಿಲಿಗೆ ಅರಿಸಿನ ಬಳಿದು ಅತ್ತಿಗೆ ದಪ್ಪಗೆ ಕುಂಕುಮ ಇಟ್ಟಿದ್ದಳು. ಅಪ್ಪ ಮಿಲ್ಲಿನ ಕಡೆ ಒಂದು ಸುತ್ತು ಹಾಕಿ ಬಂದು, ಚಪ್ಪಲಿ ಬಿಟ್ಟು, ಕಾಲಿಗೆ ನೀರು ಸುರಿದುಕೊಂಡು, ಹೊಸ್ತಿಲು ದಾಟಿ ಒಳಗೆ ಬಂದ. ನಡುಮನೆಯ ಬಿಳಿ ಟೈಲ್ಸಿನ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಬಿದ್ದವು. “ಮಾವ ಕುಂಕುಮ ತುಳದು ಬಂದ್ರು ನೋಡು,” ಎಂದು ಅತ್ತಿಗೆ ನಗುತ್ತ ಬಟ್ಟೆ ತಂದು ಒರೆಸಿದಳು. ನಾನು ಅಪ್ಪನ ಕಾಲಿಗೆ ಬಿದ್ದೆ. ಎದ್ದಾಗ ಬಲಗೈ ಬೆರಳ ತುದಿ ಕೆಂಪಾಗಿತ್ತು, ಹಸಿಯಾಗಿಯೂ ಇತ್ತು. ಹೊಸ್ತಿಲ ಕುಂಕುಮ ಕಾಲಿನ ನೀರಿಗೆ ಕಲೆತಿದೆ ಎಂದುಕೊಂಡೆ. ಹಬ್ಬದ ಕುಂಕುಮವನ್ನು ಸೆರಗಿಗೆ ಒರೆಸಿಕೊಳ್ಳುವುದು ಯಾಕೆಂದು ಹಣೆಗೆ ಹಚ್ಚಿಕೊಂಡೆ.

ಅದು ಕುಂಕುಮವಲ್ಲ. ರಿಪೇರಿ ಮಾಡಿಸಿದ ಚಪ್ಪಲಿಯ ಮೊಳೆಯೊಂದು ಅಟ್ಟೆ ದಾಟಿ ಮೇಲೆ ಬಂದಿತ್ತು. ಹೆಬ್ಬೆರಳಿನ ಬುಡದಲ್ಲಿ ಅದು ಚುಚ್ಚುತ್ತ ಇದ್ದರೂ ಅಪ್ಪ ಉಗಾದಿಯ ದಿನವೂ, ಆಮೇಲಿನ ಎಷ್ಟೋ ದಿನವೂ ಅದೇ ಚಪ್ಪಲಿಯಲ್ಲಿ ಓಡಾಡಿದ. ಅವನಿಗೆ ತಿಳಿಯಲಿಲ್ಲ. ಇಪ್ಪತ್ತು ದಿನದ ಮೇಲೆ ಚಳಿಜ್ವರ ಬಂದು ಮಲಗಿದಾಗ, ಹೊದಿಕೆ ಸರಿಪಡಿಸಲು ಹೋದ ಅತ್ತಿಗೆಗೆ ನಾತ ಬಡಿದು, ಆಮೇಲೆ ಕಾಲು ಕಂಡಿತು. ಆ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಸ್ಪತ್ರೆಗೆ ತಂದು ಡಾಕ್ಟರಿಗೆ ತೋರಿಸಿದವಳೂ ಅವಳೇ.

“ಗಾಯಂ ಎಪ್ಪುಡು ಅಯ್ಯಿಂದಿ?” ಎಂದು ಡಾಕ್ಟರು ಕೇಳಿದ್ದರು, ಗಾಯ ಯಾವಾಗ ಆಯಿತೆಂದು. ಅಣ್ಣ ಗೊತ್ತಿಲ್ಲವೆಂದ. ಅತ್ತಿಗೆ ಗೊತ್ತಿಲ್ಲವೆಂದಳು. ಚೀಲದೊಳಗಿನ ಮೊಳೆಯನ್ನು ನೋಡಿದ ಕ್ಷಣವೇ ನನಗೆ ಆ ಕೆಂಪು ಬೆರಳು ನೆನಪಾಯಿತು. ಮೊಳೆಯಿಂದ ಕಣ್ಣು ತೆಗೆದು ನಾನೂ ಗೊತ್ತಿಲ್ಲವೆಂದೆ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ಟೀಚರು ನಾನು.

ಆದ್ದರಿಂದ ಅವತ್ತು ಅಪ್ಪ “ಒಲ್ಲೆ” ಎಂದಾಗ ನನಗೆ ಬಂದ ಸಿಟ್ಟು ಅವನೊಬ್ಬನ ಮೇಲಿನದಲ್ಲ. ಕಾಲು ಹೋಗುವುದು ನನ್ನಿಂದ. ಇನ್ನು ಜೀವವೂ ಹೋದರೆ ಅದೂ ನನ್ನಿಂದ. ಹನ್ನೊಂದಾಯಿತು, ಹನ್ನೆರಡಾಯಿತು. ನಾನು ಬೈದೆ, ಬೇಡಿಕೊಂಡೆ, ಮೊಮ್ಮಕ್ಕಳ ಹೆಸರು ಹಿಡಿದು ಅತ್ತೆ. ಅಪ್ಪ ಸೂರು ನೋಡುತ್ತ ಮಲಗಿದ್ದ. ಜ್ವರಕ್ಕೆ ಅವನ ತುಟಿ ಒಡೆದಿತ್ತು.

“ಅಯ್ಯನೋರನ್ನ ಕರಸ್ರಿ,” ಎಂದ ಕೊನೆಗೆ. “ಅವರು ಹೂಂ ಅಂದ್ರ ನೋಡೂನು.”

ಅಣ್ಣ ಬೈಕು ತೆಗೆದುಕೊಂಡು ಹೋಗಿ ಅಯ್ಯನೋರನ್ನು ಹಿಂದೆ ಕೂರಿಸಿಕೊಂಡು ಬಂದಾಗ ಒಂದೂವರೆ. ನಮ್ಮ ಮನೆತನದ ಎಲ್ಲ ಮದುವೆ, ಲಿಂಗದೀಕ್ಷೆ, ಸಾವುಗಳಿಗೆ ಬಂದು ನಿಲ್ಲುವ ಹಿರಿಯರು ಅವರು, ಮೆತ್ತಗಿನ ಮನುಷ್ಯ. ಅಪ್ಪನ ಕಾಲನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿಕೊಂಡರು. ಅಪ್ಪ ತನ್ನ ಪ್ರಶ್ನೆಯನ್ನು ಕೇಳಿದ. ಅಂಗ ಮುಕ್ಕಾದವನು ಲಿಂಗ ಹಿಡಿಯಬಹುದೇ?

“ಅಡ್ಡಿಯಿಲ್ಲ ಅನಸ್ತೈತಿ,” ಎಂದರು ಅಯ್ಯನೋರು. ಆಮೇಲೆ ಅವರಿಗೇ ಭಯವಾಯಿತು. “ಆದ್ರ ನಾ ಒಬ್ಬನ ಹೇಳಿದ್ರ ಹ್ಯಾಂಗ? ಮಠದ ದೊಡ್ಡೋರನ್ನ ಒಂದು ಮಾತು ಕೇಳಿಬಿಡ್ತೀನಿ.” ಮೊಬೈಲು ತೆಗೆದು ಯಾರಿಗೋ ಹಚ್ಚಿದರು. ಆ ಕಡೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಹಚ್ಚಿದರು. “ಪ್ರಸಾದ ಮುಗಿಸಿ ಮಲಗಿರಬೇಕು. ನಾಕರ ಮ್ಯಾಲ ಎತ್ತತಾರ.”

“ನಾಕರ ಮ್ಯಾಲ ಎತ್ತಿ ಏನ್ ಮಾಡ್ತಾರಿ?” ನನ್ನ ದನಿ ವಾರ್ಡಿನಾಚೆಗೂ ಕೇಳಿಸಿರಬೇಕು. “ಇಷ್ಟು ವರ್ಷ ನಿಮ್ಮ ಪಾದ ತೊಳದು ನೀರು ಕುಡದಾನ್ರಿ ನಮ್ಮಪ್ಪ. ನಿಮ್ಮ ಬೆರಳ ಸಂದಿಯಾಗಿನ ಮಣ್ಣು ಸೈತ ಗೊತ್ತೈತಿ ಆತಗ. ತನ್ನ ಕಾಲು ಕೊಳೆತಿದ್ದು ಗೊತ್ತಾಗಲಿಲ್ಲ. ಹೊಕ್ಕಳದ ಕೆಳಗ ವಿಭೂತಿ ಹಚ್ಚಬಾರದಂತ, ತುಳಿದಂಗ ಆಕೈತಂತ! ಇಂಥಾ ಶಾಸ್ತ್ರ ಯಾರು ಮಾಡಿಟ್ರು?”

ಅಣ್ಣ ನನ್ನ ತೋಳು ಹಿಡಿದ. ಅಯ್ಯನೋರು ಸಿಟ್ಟಾಗಲಿಲ್ಲ, ಗಾಬರಿಯಿಂದ ನನ್ನ ಮುಖ ನೋಡಿದರು. “ಯಾರು ಹೇಳಿದ್ರು ತಾಯಿ ಹಂಗಂತ? ಮೂವತ್ತೆರಡು ಜಾಗದಾಗ ಹಚ್ಚಬೇಕಂತ ಐತಿ. ಮೊಣಕಾಲು ಐತಿ, ಪಾದ ಐತಿ. ನಿಮ್ಮಜ್ಜ ಹಚ್ಕೊಂತಿದ್ರು. ನಾನ ಕಣ್ಣಾರೆ ನೋಡೀನಿ.”

ಎಲ್ಲರೂ ಅಪ್ಪನ ಕಡೆ ತಿರುಗಿದೆವು. ಅಪ್ಪ ಗೋಡೆಯ ಕಡೆ ಮುಖ ಮಾಡಿದ.

“ಬಿಟ್ಟಿದ್ದು ನಾನು,” ಎಂದ. “ಸೀಜನ್ನಿನ್ಯಾಗ ಯಾರ್ಡಿಗಿ ಮುಂಜಾನೀನ ಹೋಗಬೇಕಿತ್ತು. ತಡ ಮಾಡಿದ್ರ ಚೊಲೋ ಮಾಲು ಬ್ಯಾರೆಯವ್ರ ಕೈಗಿ ಹೋಕ್ಕಿತ್ತು. ಅರ್ಧಕ್ಕ ನಿಲ್ಲಿಸಿ ಎದ್ದು ಓಡಿದೆ ಒಂದಿನ. ಮರುದಿನಾನೂ ಓಡಿದೆ. ಆಮ್ಯಾಲ ನೀ ಬಂದು ಕಾಲಿಗಿ ಯಾಕ ಹಚ್ಚಂಗಿಲ್ಲಂತ ಕೇಳಿದಿ. ಮಗಳ ಮುಂದ ಟೈಮಿಲ್ಲಂತ ಹ್ಯಾಂಗ ಹೇಳೋದು? ಬಾಯಿಗಿ ಬಂದಿದ್ದು ಅಂದೆ. ಅದ ಶಾಸ್ತ್ರ ಆತು.”

ನನ್ನ ಸಿಟ್ಟು ನಿಂತ ನಿಲುವಿನಲ್ಲೇ ಇಳಿದುಹೋಯಿತು. ನಾನು ಆ ಸುಳ್ಳನ್ನು ನನ್ನ ಮಕ್ಕಳಿಗೆ, ಮಗ್ಗುಲ ಮನೆಯ ಹುಡುಗಿಯರಿಗೆ ಎಷ್ಟು ಭಕ್ತಿಯಿಂದ ಹೇಳಿಕೊಟ್ಟಿದ್ದೆ ಎಂಬುದು ನೆನಪಾಯಿತು. ಜೊತೆಗೆ ನಾನು ಬೆಳಿಗ್ಗೆ ಡಾಕ್ಟರ ಮುಂದೆ ಹೇಳಿದ್ದೂ ನೆನಪಾಯಿತು. ಅಪ್ಪನ ಹಾಗೆ ನಿಜ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ.

ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ನರ್ಸು ಬಾಗಿಲಲ್ಲಿ ನಿಂತು, “ಏಮಾಯಿಂದಮ್ಮಾ, ಸೈನ್ ಆತೇನು?” ಎಂದು ಅರ್ಧ ತೆಲುಗಿನಲ್ಲಿ, ಏನಾಯಿತೆಂದು ಕೇಳಿದಳು.

ನಾನು ಅಯ್ಯನೋರ ಮುಂದೆ ಕೈ ಚಾಚಿದೆ. “ವಿಭೂತಿ ಕೊಡ್ರಿ.”

ಅವರು ಜೋಳಿಗೆಯಿಂದ ಒಂದು ವಿಭೂತಿ ಗಟ್ಟಿ ತೆಗೆದು ಕೊಟ್ಟರು. ಸ್ಟೀಲಿನ ಲೋಟದ ಮುಚ್ಚಳದಲ್ಲಿ ನಾಲ್ಕು ಹನಿ ನೀರು ಹಾಕಿ ಕಲೆಸಿದೆ. ಏನು ಮಾಡಬೇಕೆಂದುಕೊಂಡಿದ್ದೆನೋ ನನಗೇ ಸ್ಪಷ್ಟವಿರಲಿಲ್ಲ. ಬಿಟ್ಟುಹೋದದ್ದನ್ನು ಹಚ್ಚಿಬಿಡೋಣ, ಅಪ್ಪನ ಮನಸ್ಸಿಗೆ ಪೂಜೆ ಪೂರ್ತಿಯಾಯಿತು ಎನ್ನಿಸಿದರೆ ಸಹಿ ಹಾಕಿಯಾನು ಎಂಬ ಆಸೆ ಇತ್ತು. ಮಂಚದ ಕಾಲ ಕಡೆ ಹೋಗಿ ಹೊದಿಕೆ ಸರಿಸಿದೆ.

“ಗಾಯ ಮುಟ್ಟಬ್ಯಾಡ್ರಿ,” ಎಂದಳು ನರ್ಸು.

“ಮುಟ್ಟಂಗಿಲ್ಲ. ಅಪ್ಪಾ, ಕಣ್ಣು ಮುಚ್ಚು. ಪೂಜಿಗಿ ಕುಂತಾಗ ಮುಚ್ಚತಿಯಲ್ಲ, ಹಂಗ. ಎಡಗೈ ಎದಿ ಮ್ಯಾಲ ಇಟಗೋ. ನಾ ಪಾದದಿಂದ ಹಚ್ಚಿಕೊಂತ ಬರ್ತೀನಿ. ಒಂದೊಂದು ಕಡಿ ಮನಸು ನಿಲ್ಲಿಸು.”

ಅಪ್ಪ ಕೊರಳ ಶಿವದಾರದಲ್ಲಿದ್ದ ಇಷ್ಟಲಿಂಗದ ಕರಡಿಗೆಯ ಮೇಲೆ ಎಡಗೈ ಇಟ್ಟುಕೊಂಡು ಕಣ್ಣು ಮುಚ್ಚಿದ. ನಾನು ಕಪ್ಪಾಗದೆ ಉಳಿದಿದ್ದ ಕಿರುಬೆರಳಿಗೆ ಹಚ್ಚಿದೆ, ಅದರ ಪಕ್ಕದ ಬೆರಳಿಗೆ ಹಚ್ಚಿದೆ. ಪಾದದ ಅಂಚಿಗೆ ಹಚ್ಚಿದೆ. ಅವನು ಕಲಿಸಿದ ಹಾಗೆಯೇ ಪ್ರತಿ ಜಾಗದಲ್ಲೂ ಮೂರು ಬೆರಳಿಟ್ಟು ಕಾಯ್ದೆ. ಕಾಲು ಬಿಸಿಯಾಗಿತ್ತು, ಅದರ ಚರ್ಮ ನನ್ನ ಕೈಗೆ ಬೇರೆ ಯಾರದೋ ಅನ್ನಿಸುತ್ತಿತ್ತು. ಹಿಮ್ಮಡಿಗೆ ಹಚ್ಚಿದೆ. ಪಾದದ ಕೀಲಿನ ಹರಡಿನ ಎರಡೂ ಕಡೆ ಹಚ್ಚಿದೆ.

“ಹಚ್ಚವ್ವ,” ಎಂದ ಅಪ್ಪ ಕಣ್ಣು ಮುಚ್ಚಿಕೊಂಡೇ. “ಯಾಕ ಸುಮ್ನ ಕುಂತಿ?”

ನನ್ನ ಕೈ ನಿಂತುಹೋಯಿತು. ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದ. ಅಪ್ಪನ ಪಾದದ ತುಂಬ ಬಿಳಿ ಪಟ್ಟೆಗಳಿದ್ದವು, ಅಪ್ಪ ನಾನಿನ್ನೂ ಶುರು ಮಾಡಬೇಕೆಂದು ಕಾಯುತ್ತಿದ್ದ. ನಾನು ಮೇಲಕ್ಕೆ ಹೋದೆ. ಮುಂಗಾಲಿನ ಎಲುಬಿನ ಮೇಲೆ ಒಂದು ಪಟ್ಟೆ. ಉತ್ತರವಿಲ್ಲ. ಅದರ ಮೇಲೊಂದು. ಉತ್ತರವಿಲ್ಲ. ಇನ್ನೂ ಮೇಲೆ, ಮೊಣಕಾಲಿಗೆ ಒಂದು ಗೇಣು ಇದೆ ಅನ್ನುವಲ್ಲಿ ಬೆರಳಿಟ್ಟೆ.

“ಹಾಂ. ಇಲ್ಲಿ,” ಎಂದ ಅಪ್ಪ. “ತಣ್ಣಗ ಐತಿ. ಈಗ ಶುರು ಮಾಡಿದಿ. ಇದು ಪಾದ ಅಲ್ಲಲ್ಲವ್ವ, ಮ್ಯಾಲ ಬಂದಿ ನೀ.”

“ಕಣ್ಣು ತಗದು ನೋಡಪ್ಪಾ.”

ಅಯ್ಯನೋರು ಅವನ ಬೆನ್ನ ಹಿಂದೆ ಕೈಕೊಟ್ಟು ಎಬ್ಬಿಸಿದರು. ಅಪ್ಪ ತನ್ನ ಕಾಲನ್ನು ನೋಡಿದ. ಬೆರಳಿಂದ ಎಣಿಸುತ್ತ ಒಂದೊಂದೇ ಪಟ್ಟೆಯನ್ನು ನೋಡಿದ. ಅವನ ಮುಖ ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಅವ್ವ ತೀರಿಕೊಂಡ ದಿನವೂ ಕಂಡಿರಲಿಲ್ಲ.

“ಇಷ್ಟೆಲ್ಲ ಹಚ್ಚಿದೇನು?”

“ಹಚ್ಚಿದೆ.”

“ಎಲ್ಲಿತನ ತಿಳೀಲಿಲ್ಲ ನನಗ?”

ನಾನು ಕೈಯಿಟ್ಟು ತೋರಿಸಿದೆ. ಅಪ್ಪ ತನ್ನ ಹೆಬ್ಬೆರಳು ತೋರುಬೆರಳಿನಿಂದ ಆ ಗಡಿಯ ಮೇಲಿನ ಚರ್ಮವನ್ನು ಹಿಡಿದ, ಕೆಳಗಿನ ಚರ್ಮವನ್ನು ಹಿಡಿದ. ಅರಳೆ ನೋಡುವಾಗ ಹಿಡಿಯುತ್ತಿದ್ದದ್ದು ಹಾಗೆಯೇ. ಮೂರು ಸಲ ಹಿಡಿದು ಬಿಟ್ಟ.

“ಇದು ಹೋಗಿ ಬಾಳ ವರ್ಷ ಆಗೈತಿ,” ಎಂದ. “ಇವರೇನು ಕಡೀತಾರ? ನಾ ಎಂದೋ ಬಿಟ್ಟೀನಿ.” ದಿಂಬಿನ ಕೆಳಗಿನಿಂದ ಕಾಗದ ತೆಗೆದು, ಮಡಿಕೆ ಬಿಚ್ಚಿ, ಅಣ್ಣನ ಜೇಬಿನ ಪೆನ್ನಿಗೆ ಕೈ ಚಾಚಿದ. ಎರಡು ಗಂಟೆ ನಲವತ್ತು ನಿಮಿಷಕ್ಕೆ ಸಹಿಯಾಯಿತು. ಕನ್ನಡದಲ್ಲಿ ಹಾಕಿದ. ನರ್ಸು ಕಾಗದ ತೆಗೆದುಕೊಂಡು ಹೋದಳು.

ಆಪರೇಷನ್ನಿಗೆ ಒಯ್ಯುವಾಗ ಮೈಮೇಲಿನದೆಲ್ಲ ತೆಗೆಯಬೇಕೆಂದರು. ಕರಡಿಗೆ ತೆಗೆಯುವುದಿಲ್ಲವೆಂದು ಅಪ್ಪ ಹಟ ಹಿಡಿದ. ಆ ನರ್ಸೇ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದು, ಕರಡಿಗೆಯನ್ನು ಹತ್ತಿಯಲ್ಲಿ ಸುತ್ತಿ ಅವನ ಎಡ ಮುಂಗೈಗೆ ಬ್ಯಾಂಡೇಜು ಕಟ್ಟಿದಳು. ಬಾಗಿಲು ಮುಚ್ಚಿತು. ಅಲ್ಲಿಂದ ಮುಂದಿನ ಎರಡೂವರೆ ಗಂಟೆ ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ನನ್ನ ಬಲಗೈ ಬೆರಳಿನ ತುದಿಯನ್ನು ನೋಡುತ್ತಿದ್ದೆ. ವಿಭೂತಿ ಒಣಗಿ ಉಗುರಿನ ಸಂದಿಯಲ್ಲಿ ಕೂತಿತ್ತು. ಉಗಾದಿಯ ದಿನ ಕೆಂಪಾಗಿದ್ದದ್ದೂ ಅದೇ ಬೆರಳು. ಅತ್ತಿಗೆ ಟೀ ತಂದುಕೊಟ್ಟಳು. ಬಲಗೈಯನ್ನು ಮಡಿಲಲ್ಲೇ ಇಟ್ಟು ಎಡಗೈಯಲ್ಲಿ ಲೋಟ ತೆಗೆದುಕೊಂಡೆ.

ಅಪ್ಪ ಉಳಿದ. ಹನ್ನೆರಡು ದಿನದ ಮೇಲೆ ಮನೆಗೆ ಕರೆತಂದೆವು. ನಾನು ಶಾಲೆಗೆ ರಜೆ ಬರೆದು ಅಲ್ಲೇ ಉಳಿದೆ. ಮನೆಗೆ ಬಂದ ಮರುದಿನ ಮುಂಜಾನೆ ಅಪ್ಪ ಪೂಜೆಗೆ ಅಣಿ ಮಾಡೆಂದ. ಮಣೆಯ ಮೇಲೆ ಕೂರುವಂತಿರಲಿಲ್ಲ, ನಡುಮನೆಯ ಮಂಚದ ಅಂಚಿಗೇ ಕೂರಿಸಿದೆವು. ಅತ್ತಿಗೆ ವಿಭೂತಿಯ ತಟ್ಟೆ ಇಟ್ಟು ಅಡುಗೆಮನೆಗೆ ಹೋದಳು. ಗಾಯಕ್ಕೆ ನೀರು ತಾಗಬಾರದೆಂದು ಈ ಸಲ ಒಣ ವಿಭೂತಿ.

ನೆತ್ತಿ, ಹಣೆ, ಕಿವಿ, ಕೊರಳು. ನಾನು ಎದುರಿಗೆ ನೆಲದ ಮೇಲೆ ಕೂತು ನೋಡುತ್ತಿದ್ದೆ. ಹೊಕ್ಕುಳಕ್ಕೆ ಬಂದಾಗ ಅಪ್ಪ ನಿಲ್ಲಲಿಲ್ಲ. ತೊಡೆಗೆ ಹಚ್ಚಿದ, ಎರಡೂ ಮೊಣಕಾಲಿಗೆ ಹಚ್ಚಿದ. ಉಸಿರು ಬಿಗಿಹಿಡಿದು ಬಗ್ಗಿ ಎಡಗಾಲಿನ ಪಾದಕ್ಕೆ ಹಚ್ಚಿದ, ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡಿದ. ಆಮೇಲೆ ಬಲಗಡೆ ಬ್ಯಾಂಡೇಜು ಸುತ್ತಿದ ಮೋಟಿನ ಹತ್ತಿರ ಕೈ ತಂದು ಗಾಳಿಯಲ್ಲೇ ನಿಲ್ಲಿಸಿದ. ಅವನ ಹುಬ್ಬು ಗಂಟಾಯಿತು.

“ಹೆಬ್ಬೆರಳು ಕಡೀತೈತಿ,” ಎಂದ.

“ಎಡಗಾಲಿಂದಾ?”

“ಬಲಗಾಲಿಂದು. ಬುಡದಾಗ. ಏನೋ ಚುಚ್ಚಿದಂಗ ಐತಿ.”

ಕತ್ತರಿಸಿದ ಕಾಲು ಇನ್ನೂ ಇದೆ ಅನ್ನಿಸುವುದುಂಟು, ನೋವೂ ಬರಬಹುದು, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ನಾನು ಹೆದರಿದೆ. ಅವನು ಹೇಳುತ್ತಿದ್ದ ಜಾಗ ಮೊಳೆ ಇದ್ದ ಜಾಗ. ಇದ್ದಾಗ ಇಪ್ಪತ್ತು ದಿನ ತಿಳಿಯದೆ ಹೋದದ್ದು ಈಗ ತಿಳಿಯುತ್ತಿತ್ತು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

“ಅಪ್ಪಾ, ಉಗಾದಿ ದಿನ ನಿನ್ನ ಕಾಲಿಗಿ ಬಿದ್ದೆನಲ್ಲ, ನನ್ನ ಬೆರಳಿಗಿ ರಕ್ತ ಹತ್ತಿತ್ತು. ಹೊಸ್ತಿಲ ಕುಂಕುಮ ಅನಕೊಂಡು ಹಣಿಗಿ ಹಚ್ಕೊಂಡೆ. ಬಗ್ಗಿ ಒಂದು ಸಲ ಕಾಲು ನೋಡಿದ್ರ ಅವತ್ತ ಗೊತ್ತಾಕ್ಕಿತ್ತು. ಡಾಕ್ಟರು ಕೇಳಿದಾಗೂ ಸುಳ್ಳು ಹೇಳಿದೆ. ನಿನ್ನ ಕಾಲು ನಾನ ಕಳದೆ.”

ಅಪ್ಪ ನನ್ನ ಹಣೆಯನ್ನು ನೋಡಿದ. ಆ ನೋಟವನ್ನು ತಡೆದುಕೊಳ್ಳಲಾಗದೆ ನಾನು ತಲೆ ತಗ್ಗಿಸಿದೆ. ಅಡುಗೆಮನೆಯಲ್ಲಿ ಅತ್ತಿಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವಳೂ ಕೇಳಿಸಿಕೊಂಡಳೆಂದು ತಿಳಿಯಿತು. ಬೈಯಲಿ, ಎದ್ದು ಹೋಗೆನ್ನಲಿ ಎಂದು ಕಾಯುತ್ತ ಕೂತೆ.

“ತಟ್ಟಿ ತಗೋ,” ಎಂದ ಅಪ್ಪ. “ಹೆಬ್ಬೆರಳಿಗಿ ಹಚ್ಚು.”

“ಎಲ್ಲಿಗಪ್ಪಾ?”

“ಅದು ಇದ್ದಲ್ಲಿಗಿ.”

ಅಪ್ಪ ಕರಡಿಗೆಯ ಮೇಲೆ ಎಡಗೈ ಇಟ್ಟು ಕಣ್ಣು ಮುಚ್ಚಿದ. ನಾನು ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು, ಮೋಟಿನ ಕೆಳಗಿನ ಬರಿ ಗಾಳಿಯಲ್ಲಿ ಕೈಯನ್ನು ಮೆಲ್ಲಗೆ ಇಳಿಸುತ್ತ ಹೋದೆ. ಮುಂಗಾಲು, ಹರಡು, ಹಿಮ್ಮಡಿ, ಪಾದ. ಒಂದೊಂದು ಕಡೆಯೂ ನಿಂತು ಕಾಯ್ದೆ. ಕಣ್ಣೀರಿಗೆ ನನಗೆ ಏನೂ ಕಾಣುತ್ತಿರಲಿಲ್ಲ. ವಿಭೂತಿ ಬೆರಳಿನಿಂದ ಜಾರಿ ನಡುಮನೆಯ ಟೈಲ್ಸಿನ ಮೇಲೆ, ಎಲ್ಲರೂ ತುಳಿದು ಓಡಾಡುವ ಜಾಗದಲ್ಲಿ ಬೀಳುತ್ತಿತ್ತು.

“ಹಾಂ,” ಎಂದ ಅಪ್ಪ. “ಅಲ್ಲಿ.”

“ತಿಳೀತೈತೇನಪ್ಪಾ?”

“ತಿಳೀತೈತಿ. ಕೈ ತಗೀಬ್ಯಾಡ.”